ಆರು ವರ್ಷ ತುಂಬುವ ಮುನ್ನ

ಎರಡು ವರ್ಷ ಕಳೆದರೂ ಎರಡು ಮಾತುಗಳನ್ನು ಕೂಡಿಸಿ ನುಡಿಯದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ, ಓರಗೆಯ ಮಕ್ಕಳು ಅಂಗಳದಲ್ಲಿ ಓಡಾಡುವಾಗ ಇನ್ನೂ ಗೋಡೆ ಹಿಡಿದು ನಿಲ್ಲುವ ಮಗುವನ್ನು ಕಂಡು ತಾಯಿಯ ಮನಸ್ಸಿನಲ್ಲಿ ಶಂಕೆ ಮೂಡಿದಾಗ, "ಇವರಪ್ಪನೂ ತಡವಾಗಿಯೇ ಮಾತು ಕಲಿತದ್ದು, ಶಾಲೆಗೆ ಹೋದರೆ ಎಲ್ಲ ಸರಿಹೋದೀತು" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆ ಮಾತಿನ ವಾತ್ಸಲ್ಯವನ್ನು ಅಲ್ಲಗಳೆಯಲಾಗದು. ಆದರೆ ಶ್ರವಣ, ವಾಕ್ಕು, ಬುದ್ಧಿಗಳು ಅತಿ ಶೀಘ್ರವಾಗಿ ರೂಪುಗೊಳ್ಳುವ ಶೈಶವವು ಕಾಯುವುದರಲ್ಲಿಯೇ ಕಳೆದರೆ ಮರಳಿ ಬಾರದು. ತಾಯಿಯ ಆ ಶಂಕೆಗೆ ನಮ್ಮ ಕಾನೂನಿನಲ್ಲಿ ಸ್ಥಾನವಿದೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 25ನೆಯ ಪ್ರಕರಣವು, ಅಪಾಯದ ಸಂಭವವುಳ್ಳವರನ್ನು ಗುರುತಿಸುವುದಕ್ಕಾಗಿ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡುವ ಕ್ರಮಗಳನ್ನು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ. 'ಎಲ್ಲ ಮಕ್ಕಳನ್ನೂ' ಎಂದಿರುವುದರಿಂದ, ವೈಕಲ್ಯದ ಪ್ರಮಾಣಪತ್ರವಿದ್ದವರಿಗೆ ಮಾತ್ರ ಈ ಸೌಲಭ್ಯವೆಂದು ಯಾರೂ ಹೇಳಲಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸಂಚಾರಿ ವೈದ್ಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು, ಬೆಳವಣಿಗೆಯ ಕುಂಠನವೂ ಸೇರಿದಂತೆ ಅನೇಕ ನ್ಯೂನತೆಗಳನ್ನು ಪರೀಕ್ಷಿಸಿ, ಅಗತ್ಯ ಕಂಡವರನ್ನು ಡಿ.ಇ.ಐ.ಸಿ. ಎಂದು ಕರೆಯಲ್ಪಡುವ ಜಿಲ್ಲಾ ಕೇಂದ್ರಕ್ಕೆ ಕಳುಹಿಸತಕ್ಕದ್ದು. ಅಲ್ಲಿಯ ಸೇವೆ ಉಚಿತ. ಮಗು ಅಂಗನವಾಡಿಯನ್ನು ಬಿಟ್ಟು ಖಾಸಗಿ ಎಲ್.ಕೆ.ಜಿ.ಗೆ ಹೋಗುತ್ತಿದ್ದರೆ, ತಂಡದ ದಾರಿ ಕಾಯದೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕಂಡು ಆ ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆಯಿಸಿಕೊಂಡು, ಅದರ ನಕಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಯ ಶಾಲಾಪೂರ್ವ ಕೇಂದ್ರದಲ್ಲಿ ಮಗುವಿನೊಡನೆ ಪೋಷಕರಿಗೂ ತರಬೇತಿ ದೊರೆಯುವುದು ಬಹು ವಿವೇಕದ ಕ್ರಮವೆಂದು ನನಗೆ ತೋರುತ್ತದೆ.

ಪ್ರಮಾಣಪತ್ರದ ವಿಷಯ ಬೇರೆ. ಅನೇಕ ಸವಲತ್ತುಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯವು ದೃಢಪಡಬೇಕಾಗುವುದರಿಂದ, ಪೋಷಕರು ಮಗುವಿನ ಪರವಾಗಿ ಯು.ಡಿ.ಐ.ಡಿ. ಎಂಬ ವೈಕಲ್ಯದ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸುವುದು ಒಳಿತು. ಬುದ್ಧಿಯ ಬೆಳವಣಿಗೆ ಹಿಂದುಳಿದ, ಐದು ವರ್ಷ ತುಂಬದ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ದೊರೆಯುತ್ತದೆ. ಓದುಬರೆಹದ ನಿರ್ದಿಷ್ಟ ಕಲಿಕಾ ನ್ಯೂನತೆಗಾದರೋ ಎಂಟು ವರ್ಷದ ವಯಸ್ಸಿನವರೆಗೆ ಕಾಯಬೇಕಾಗುವುದರಿಂದ, ನಾಲ್ಕು ವರ್ಷದ ಮಗು ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಿತೆಂದು ಪತ್ರ ಕೇಳಿ ನಿರಾಶರಾಗಬೇಕಾಗಿಲ್ಲ. ವೈಕಲ್ಯವಿಲ್ಲವೆಂದು ವೈದ್ಯಾಧಿಕಾರಿ ಹೇಳಿದರೆ ಅದನ್ನು ಬರಹದಲ್ಲಿ ತಿಳಿಸತಕ್ಕದ್ದು. ಆ ನಿರ್ಣಯದ ವಿರುದ್ಧ 2016ರ ಅಧಿನಿಯಮದ 59ನೆಯ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವುಂಟು.

ನಮ್ಮ ಶಾಸನದಲ್ಲಿ ಒಂದು ಅಂತರವಿರುವುದನ್ನು ನಾನು ಮುಚ್ಚಿಡಲಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕು ಆರನೆಯ ವರ್ಷದಿಂದ ಆರಂಭವಾಗುತ್ತದೆ. ವಿಕಲಚೇತನ ಮಕ್ಕಳಿಗೆ ಉಚಿತ ಶಿಕ್ಷಣ ನೀಡುವ, 2016ರ ಅಧಿನಿಯಮದ 31ನೆಯ ಪ್ರಕರಣವೂ ಆರರಿಂದ ಹದಿನೆಂಟರವರೆಗೆ ಮಾತ್ರ. ಅದಕ್ಕೂ ಚಿಕ್ಕವರಿಗಾಗಿ ಸಂವಿಧಾನದ 45ನೆಯ ಅನುಚ್ಛೇದದಲ್ಲಿರುವುದು, 2002ರ ತಿದ್ದುಪಡಿಯ ನಂತರವೂ, ರಾಜ್ಯಕ್ಕೆ ನೀಡಿದ ನಿರ್ದೇಶವೇ ಹೊರತು ನ್ಯಾಯಾಲಯದಲ್ಲಿ ಪಟ್ಟುಹಿಡಿದು ಪಡೆಯಬಹುದಾದ ಹಕ್ಕಲ್ಲ. ನೆರವು ಅತ್ಯಂತ ಫಲಕಾರಿಯಾಗುವ ವಯಸ್ಸಿನಲ್ಲಿಯೇ ಕಾನೂನು ದುರ್ಬಲವಾಗಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಇದು ತಿದ್ದಲ್ಪಡಬೇಕು.

ಆದರೂ ಸರ್ಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ವಿದ್ಯಾಸಂಸ್ಥೆಯು ವೈಕಲ್ಯದ ಕಾರಣದಿಂದ ಪ್ರವೇಶದಲ್ಲಿ ತಾರತಮ್ಯ ಮಾಡಕೂಡದೆಂಬುದು 2016ರ ಅಧಿನಿಯಮದ 16ನೆಯ ಪ್ರಕರಣದ ಆಶಯ. ಹಾಗೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಿರಿ. ಖರ್ಚಿನ ಭಯ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಕ್ಕಳಿಗೂ ಮಹಿಳೆಯರಿಗೂ ವಿಕಲಚೇತನರಿಗೂ, ಆದಾಯವನ್ನು ಲೆಕ್ಕಿಸದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ದೊರೆಯುತ್ತದೆ.