ಚಿಲ್ಲರೆ ಬಿಡದ ಗಿರಾಕಿಗೆ ಒಂಬತ್ತು ಸೂತ್ರ

ಪಾಳೆಯಗಾರ ಭರಮಣ್ಣ ನಾಯಕನ ಕೆರೆಯಿಂದ ಹೆಸರು ಪಡೆದ ಭರಮಸಾಗರ, ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿದೆ. ಹೆದ್ದಾರಿ ಬದಿಯ ಯಾವ ಊರಿನಲ್ಲೂ ಅಂಗಡಿಗೆ ಎರಡು ಬಗೆಯ ಗಿರಾಕಿಗಳು. ಒಬ್ಬರು ಸುತ್ತಲ ಹಳ್ಳಿಯವರು, ನಾಳೆಯೂ ಬರುವವರು. ಇನ್ನೊಬ್ಬರು ಕಾರು ನಿಲ್ಲಿಸಿ ಇಳಿದವರು, ಮತ್ತೆಂದೂ ಮುಖ ಕಾಣಿಸದವರು. ತಣ್ಣಗಿದ್ದದ್ದಕ್ಕೆ ಎರಡು ರೂಪಾಯಿ, ಕವರಿಗೆ ಐದು, ಪಾರ್ಸಲ್ಲಿಗೆ ಹತ್ತು ಎಂಬ ಮೇಲ್ವಸೂಲಿ ಮೊದಲು ಬೀಳುವುದು ಹೋಗಿಬಿಡುವವರ ಮೇಲೆ. ಆಮೇಲೆ ಅದೇ ರೂಢಿಯಾಗಿ ಊರವರ ಬಿಲ್ಲಿಗೂ ಇಳಿಯುತ್ತದೆ.

ಹಾಗೆಂದು ಹೆಚ್ಚಿಗೆ ಕೇಳಿದ್ದೆಲ್ಲ ಮೋಸವಲ್ಲ. ದುಡಿಮೆಗೆ ಕೂಲಿ ಕೇಳುವುದು ನ್ಯಾಯವೇ. ಗಿರಾಕಿ ಜಗಳವಾಡಬೇಕಾದದ್ದು ಮುಚ್ಚಿಟ್ಟ ಕೂಲಿಯ ಜೊತೆ. ಎಲ್ಲಿ ಕೊಡಬೇಕು, ಎಲ್ಲಿ ಕೊಡಬೇಕಿಲ್ಲ ಎಂದು ತಿಳಿದಿದ್ದರೆ ದನಿ ಏರಿಸದೆಯೇ ಗೆಲ್ಲಬಹುದು.

1. ಸಾಮಾನು ಕಟ್ಟುವ ಮುಂಚೆ ಕೇಳಿ.

"ಎಲ್ಲಾ ಸೇರಿ ಎಷ್ಟಾತು ಅಣ್ಣಾ?" ಇಷ್ಟೇ ಸಾಕು. 'ಎಲ್ಲಾ ಸೇರಿ' ಎಂಬುದನ್ನು ಮಾತ್ರ ಬಿಡಬೇಡಿ. ಕಟ್ಟಿಸಿಕೊಂಡು, ಕೈಗೆ ತೆಗೆದುಕೊಂಡು, ಹಿಂದೆ ನಾಲ್ಕು ಜನ ನಿಂತ ಮೇಲೆ ಐದು ರೂಪಾಯಿಗೆ ತಕರಾರು ತೆಗೆಯುವವರು ಕಡಿಮೆ. ಆ ಸಂಕೋಚವೇ ಇಂಥ ವಸೂಲಿಯ ಬಂಡವಾಳ.

2. ಎಂಆರ್‌ಪಿ ಅಚ್ಚಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಬಾಟಲಿಯ ಮೇಲಿನ ದರ ಎಲ್ಲ ತೆರಿಗೆ ಸೇರಿದ ಗರಿಷ್ಠ ದರ. ಫ್ರಿಜ್ಜಿನ ಕರೆಂಟು ಬಿಲ್ಲು ಅಂಗಡಿಯವರದು, 'ಕೂಲಿಂಗ್ ಚಾರ್ಜು' ಎಂಬ ಬಾಬ್ತು ಕಾನೂನಿನಲ್ಲಿ ಇಲ್ಲವೇ ಇಲ್ಲ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಚಿಲ್ಲರೆ ವ್ಯಾಪಾರಿ ಈ ದರ ಮೀರುವಂತಿಲ್ಲ. ಅದೇ ಸರಕಿಗೆ ವಿಮಾನ ನಿಲ್ದಾಣದಲ್ಲೊಂದು, ಹಳ್ಳಿಯಲ್ಲೊಂದು ದರ ಅಚ್ಚು ಹಾಕುವುದೂ 2018ರ ಜನವರಿ 1ರಿಂದ ನಿಂತಿದೆ. ಬಾಟಲಿ ತಿರುಗಿಸಿ ದರ ತೋರಿಸಿ, ಅಷ್ಟೇ ಕೊಡಿ.

3. ಕೂತು ಉಣ್ಣುವ ಕಡೆ ಲೆಕ್ಕ ಬೇರೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಹೋಟೆಲಿನ ಟೇಬಲ್ಲಿಗೆ ತಂದುಕೊಟ್ಟ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರೆ ತಪ್ಪಲ್ಲ ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕುರ್ಚಿ, ಫ್ಯಾನು, ಬಡಿಸುವವರು ಎಲ್ಲ ಸೇರಿದ ಸೇವೆ ಅದು ಎಂಬುದು ತರ್ಕ. ನನಗೆ ಈ ತರ್ಕ ಅಷ್ಟಾಗಿ ರುಚಿಸುವುದಿಲ್ಲ, ಆದರೆ ಕಾನೂನು ಅದೇ. ಕೌಂಟರಿನಲ್ಲಿ ಕೊಂಡು ಹೊರಗೆ ಒಯ್ದರೆ ಆ ತರ್ಕಕ್ಕೆ ಬುಡವಿಲ್ಲ.

'ಸರ್ವಿಸ್ ಚಾರ್ಜು' ಮಾತ್ರ ನಿಮ್ಮ ಇಷ್ಟ. ಅದನ್ನು ತಾನೇ ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. "ಇದನ್ನು ತೆಗೆದು ಬಿಲ್ ಕೊಡಿ" ಎನ್ನಲು ಹಿಂಜರಿಯಬೇಡಿ.

ಇನ್ನು ಪಾರ್ಸಲ್ಲಿನ ದುಡ್ಡು. ದರಪಟ್ಟಿಯಲ್ಲಿ ಬರೆದಿದ್ದರೆ ಕೊಡಿ, ಡಬ್ಬಿಗೂ ಖರ್ಚು ಬೀಳುತ್ತದೆ. ಬರೆದಿಲ್ಲವೆಂದರೆ ಕೇಳಿ. ಮನೆಯಿಂದ ಟಿಫನ್ ಕ್ಯಾರಿಯರ್ ಒಯ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

4. ಚೀಲ ಜೊತೆಗಿರಲಿ. ಇಲ್ಲದಿದ್ದರೆ ಅದರ ದರ ಎಲ್ಲಿ ಬರೆದಿದೆ ಎಂದು ಕೇಳಿ.

2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ದೊಡ್ಡ ಮಳಿಗೆಗಳಲ್ಲಿ ಈಗ ಕಾಗದದ, ಬಟ್ಟೆಯ ಚೀಲಗಳಿಗೂ ದುಡ್ಡು. ಚಂಡೀಗಢದಲ್ಲಿ ಶೂ ಕೊಂಡವರೊಬ್ಬರಿಂದ ಬಾಟಾ ಅಂಗಡಿ ಚೀಲಕ್ಕೆಂದು 3 ರೂಪಾಯಿ ತೆಗೆದುಕೊಂಡು, 2019ರಲ್ಲಿ ಅಲ್ಲಿನ ಗ್ರಾಹಕ ವೇದಿಕೆಯಿಂದ 9,000 ರೂಪಾಯಿ ತೆರುವ ಆದೇಶ ಹೊತ್ತುಕೊಂಡಿತು. ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿದ್ದರ ತಿರುಳು ಇಷ್ಟು: ಚೀಲಕ್ಕೆ ದುಡ್ಡು ಉಂಟು ಎನ್ನುವುದು ಗಿರಾಕಿಗೆ ಸಾಮಾನು ಆರಿಸುವ ಮೊದಲೇ ಗೊತ್ತಿರಬೇಕು, ಬಿಲ್ಲಿನ ಕೌಂಟರಿನಲ್ಲಿ ಅಲ್ಲ. ನಮ್ಮ ಬೆಂಗಳೂರಿನ ನಾಗಸಂದ್ರದ ಐಕಿಯದಲ್ಲೂ ಇದೇ ಆಯಿತು. ಕಂಪನಿಯ ಹೆಸರೇ ಅಚ್ಚಾಗಿದ್ದ ಚೀಲಕ್ಕೆ ಗ್ರಾಹಕಿಯೊಬ್ಬರಿಂದ 20 ರೂಪಾಯಿ ಪಡೆಯಲಾಗಿತ್ತು. ಆ 20 ರೂಪಾಯಿ ಬಡ್ಡಿ ಸಮೇತ ವಾಪಸು, ಜೊತೆಗೆ ಪರಿಹಾರ 1,000, ದಾವೆಯ ಖರ್ಚು 2,000 ಎಂದು ಜಿಲ್ಲಾ ಆಯೋಗ 2023ರಲ್ಲಿ ತೀರ್ಪು ಕೊಟ್ಟಿತು. ಅವರ ಜಾಹೀರಾತು ಹೊರಲು ನಾವೇಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆ ನೆಟ್ಟಗೇ ಇದೆ.

ಇದೇ ಅಸ್ತ್ರವನ್ನು ಊರಿನ ಕಿರಾಣಿ ಅಂಗಡಿಯ ಮೇಲೆ ಎತ್ತಬೇಡಿ. ಎರಡು ರೂಪಾಯಿಯ ಕಾಗದದ ಕವರಿಗೆ ಎರಡು ರೂಪಾಯಿ ಕೇಳುವವರು ಲಾಭಕ್ಕೆ ಕೇಳುತ್ತಿಲ್ಲ.

5. ಗೊಬ್ಬರದ ಅಂಗಡಿಯಲ್ಲಿ 'ಲಿಂಕ್' ಒಪ್ಪಬೇಡಿ.

ತುಂಗಭದ್ರೆಯ ನೀರು ಏತದಲ್ಲಿ ಭರಮಸಾಗರದ ಕೆರೆಗೆ ಬಂದ ಮೇಲೆ ಸುತ್ತಲ ಹೊಲಗಳಿಗೆ ಜೀವ ಬಂದಿದೆ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಎಲ್ಲರಿಗೂ ಒಟ್ಟಿಗೇ ಯೂರಿಯಾ ಬೇಕು. 2025ರ ಮುಂಗಾರಿನಂತೆ ಯೂರಿಯಾಕ್ಕೆ ಅಭಾವ ಬಂದ ವರ್ಷ ಎರಡು ಕಾಟ ಶುರುವಾಗುತ್ತವೆ. ಒಂದು, ಚೀಲದ ಮೇಲಿನ ದರಕ್ಕಿಂತ ಹೆಚ್ಚು ಕೇಳುವುದು. ಇನ್ನೊಂದು, ಯೂರಿಯಾ ಬೇಕೆಂದರೆ ಜೊತೆಗೆ ಸತುವೋ, ನ್ಯಾನೋ ಯೂರಿಯಾ ಬಾಟಲಿಯೋ ಕೊಳ್ಳಲೇಬೇಕೆಂಬ ಒತ್ತಾಯ.

45 ಕಿಲೋ ಬೇವು ಲೇಪಿತ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ. ಅಂಗಡಿ ಇದಕ್ಕಿಂತ ಒಂದು ಪೈಸೆ ಹೆಚ್ಚು ಮುಟ್ಟುವಂತಿಲ್ಲ. ಟ್ರ್ಯಾಕ್ಟರಿಗೆ ಹೇರುವ ಹಮಾಲಿ ಬೇರೆ ಮಾತು, ಅದನ್ನು ಹಮಾಲರ ಜೊತೆ ಮೊದಲೇ ಮಾತಾಡಿಕೊಳ್ಳಿ, ಅವರ ಬೆವರಿಗೆ ಬೆಲೆಯಿದೆ. ಬೇಡದ ಸರಕನ್ನು ಬೇಕಾದ ಸರಕಿಗೆ ಕಟ್ಟಿ ಮಾರುವುದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ ಎಂಬ ಹೆಸರೇ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ದಾಸ್ತಾನು ಮತ್ತು ದರದ ಬೋರ್ಡು ತೂಗುಹಾಕಬೇಕು, ರಸೀದಿ ಕೊಡಬೇಕು. ಹೆಬ್ಬೆಟ್ಟು ಒತ್ತುವ ಪಿಒಎಸ್ ಯಂತ್ರದಿಂದ ಬರುವ ಚೀಟಿಯನ್ನು ಬಿಟ್ಟು ಬರಬೇಡಿ. ದೂರಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವೇ ಮೊದಲ ಮೆಟ್ಟಿಲು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿಯಾಗಿದೆ.

(ಮಾತು ಬಂದದ್ದಕ್ಕೆ: ಫಸಲು ಮಾರುವಾಗ ಎಪಿಎಂಸಿಯಲ್ಲಿ ದಲ್ಲಾಳಿ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಲ್ಲ. ದಲ್ಲಾಳಿ ಕೊಡುವ ಬಿಳಿ ಚೀಟಿಯಲ್ಲಿ ಏನೇನು ಕಡಿತ ಬರೆದಿದ್ದಾರೆಂದು ಓದಿ ನೋಡಿ.)

6. ಫೋನಿನಲ್ಲಿ ಕೊಟ್ಟರೂ ಅಷ್ಟೇ, ನೋಟಿನಲ್ಲಿ ಕೊಟ್ಟರೂ ಅಷ್ಟೇ.

ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ, ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ವ್ಯಾಪಾರಿಗೆ ಬ್ಯಾಂಕು ಶುಲ್ಕವನ್ನೇ ಹಾಕುವುದಿಲ್ಲ. ಹಾಗಿದ್ದ ಮೇಲೆ 'ಸ್ಕ್ಯಾನಿಗೆ ಎರಡು ರೂಪಾಯಿ' ಯಾವ ಲೆಕ್ಕಕ್ಕೆ? ಅಂಗಡಿಯಲ್ಲಿ ಫೋನ್‌ಪೇ ಮಾಡಿ ನಗದು ಪಡೆಯುವಾಗ ಕೇಳುವ ಕಮಿಷನ್ ಬೇರೆ, ಅದು ನೀವೇ ಒಪ್ಪಿ ಮಾಡಿಕೊಂಡ ವ್ಯವಹಾರ. ನಿಮ್ಮ ಬ್ಯಾಂಕಿನದೇ ಎಟಿಎಂನಲ್ಲಾದರೆ ತಿಂಗಳಿಗೆ ಐದು ವ್ಯವಹಾರ ಉಚಿತ.

7. ಬಿಲ್ಲು ಕೇಳಿ, ಕೊನೆಯ ಸಾಲಿನ ತನಕ ಓದಿ.

ಬಿಲ್ಲು ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಜಿಎಸ್‌ಟಿ ಹಾಕಿದ್ದರೆ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಸಣ್ಣ ವ್ಯಾಪಾರಿಗಳಿಗೆಂದು ಇರುವ ಕಾಂಪೋಸಿಷನ್ ಯೋಜನೆಗೆ ಸೇರಿದ ವ್ಯಾಪಾರಿ ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ, ಹಾಗೆಂದು ಅವನ ಬಿಲ್ಲಿನ ಮೇಲೇ ಬರೆದಿರಬೇಕು. ಒಡವೆ ಅಂಗಡಿಯಲ್ಲಿ ಮಜೂರಿ, ವೇಸ್ಟೇಜ್, ಹಾಲ್‌ಮಾರ್ಕ್ ಮೂರನ್ನೂ ಬೇರೆ ಬೇರೆ ಬರೆಸಿ. ಚಿನ್ನದ ಹಾಲ್‌ಮಾರ್ಕಿಗೆ 2022ರಲ್ಲಿ ನಿಗದಿಯಾದ ದರ ಒಡವೆ ಒಂದಕ್ಕೆ 45 ರೂಪಾಯಿ ಮತ್ತು ತೆರಿಗೆ. ಬೇಕರಿಯಲ್ಲಿ ಮೈಸೂರುಪಾಕು ತೂಗುವಾಗ ಖಾಲಿ ಡಬ್ಬದ ತೂಕ ಕಳೆಯಲಿ. 'ಮಾರಿದ ಸಾಮಾನು ವಾಪಸು ಪಡೆಯುವುದಿಲ್ಲ' ಎಂಬ ಬೋರ್ಡು ಕೆಟ್ಟ ಸರಕಿಗೆ ಅನ್ವಯಿಸುವುದಿಲ್ಲ.

8. ಪುಕ್ಕಟೆ ಇರುವುದಕ್ಕೆ ಕೊಡಬೇಡಿ.

ಪೆಟ್ರೋಲ್ ಬಂಕಿನಲ್ಲಿ ಗಾಳಿ, ಕುಡಿಯುವ ನೀರು ಉಚಿತ. ಹರಿದ, ಮಾಸಿದ ನೋಟು ಬದಲಿಸಲು ಬ್ಯಾಂಕಿಗೇ ಹೋಗಿ, ದಿನಕ್ಕೆ 5,000 ರೂಪಾಯಿ ಮೀರದ 20 ನೋಟುಗಳವರೆಗೆ ಶುಲ್ಕವಿಲ್ಲ. ಗ್ಯಾಸ್ ಸಿಲಿಂಡರಿಗೆ ರಸೀದಿಯಲ್ಲಿರುವಷ್ಟೇ ಕೊಡಿ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಉಚಿತ ಎಂದು ಸರ್ಕಾರ ಸಾರಿದ್ದರೂ ಕೆಲವು ಕೇಂದ್ರಗಳಲ್ಲಿ ಹೆಣ್ಣುಮಕ್ಕಳಿಂದ ದುಡ್ಡು ಕಿತ್ತ ದೂರುಗಳು ಬಂದವು, ಅಂಥವರ ಲಾಗಿನ್ ರದ್ದು ಮಾಡಲಾಯಿತು.

9. ದೂರಿಗೆ ಏಣಿಯ ಮೆಟ್ಟಿಲು ಮೂರು.

ಮೊದಲು ಮಾಲೀಕರಿಗೇ ಹೇಳಿ, ಕೌಂಟರಿನಲ್ಲಿ ಕೂತ ಹುಡುಗನಿಗಲ್ಲ. "ಯಜಮಾನ್ರೇ, ಇದು ಎಂಆರ್‌ಪಿಗಿಂತ ಜಾಸ್ತಿ ಆಗಿದೆ ನೋಡ್ರಿ" ಎಂದರೆ ಬಹುಪಾಲು ಅಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ತೂಕ, ಎಂಆರ್‌ಪಿ ವಿಷಯವಾದರೆ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲವೆಂದರೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬೆಂಗಳೂರಿನ ಮಾಲಿನಲ್ಲಿ ಹೆಚ್ಚಿಗೆ ತೆತ್ತ ಭರಮಸಾಗರದವರು ಚಿತ್ರದುರ್ಗದ ಬಸ್ಸು ಹತ್ತಿದರೆ ಸಾಕು, ಬರಬೇಕಾದವರು ಆ ಕಂಪನಿಯವರು. ಅಲೆದಾಟ ಇಲ್ಲವೇ ಇಲ್ಲ ಎನ್ನಲಾರೆ, ಕಾಯ್ದೆ ಮೂರು ತಿಂಗಳು ಎಂದರೂ ಪ್ರಕರಣಗಳು ಎಳೆಯುತ್ತವೆ.

ಅಂಗಡಿಯಿಂದ ಹೊರಬೀಳುವ ಮುಂಚೆಯೇ ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಯಂತ್ರದ ನುಣುಪು ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.