ಮುಳ್ಳು ಹೇಳುವ ಸುಳ್ಳು

ಪ್ರಶ್ನೆ: ನನ್ನ ಬಳಿ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಇದೆ. ಹೊರಟು ಸ್ವಲ್ಪ ಹೊತ್ತಿಗೇ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿ ‘ಎಚ್’ ಕಡೆ ಹೊರಳುತ್ತದೆ. ಹಾಗಂತ ನೀರು ಕುದಿದು ಉಕ್ಕುವುದಿಲ್ಲ, ಆವಿಯೂ ಕಾಣುವುದಿಲ್ಲ. ಗ್ಯಾರೇಜಿನವರು ರೇಡಿಯೇಟರ್ ಬದಲಿಸಿ ಎನ್ನುತ್ತಿದ್ದಾರೆ. ಪೆಟ್ರೋಲ್ ಮೀಟರೂ ಅರ್ಧ ಟ್ಯಾಂಕಿಗೆ ‘ಫುಲ್’ ತೋರಿಸುತ್ತದೆ, ಅದು ಬೇರೆ ತಾಪತ್ರಯ, ಇರಲಿ. ರೇಡಿಯೇಟರ್ ಬದಲಿಸಲೇಬೇಕೆ?
– ಓದುಗರು, ಕೊವೆಂಟ್ರಿ, ಇಂಗ್ಲೆಂಡ್

ಉತ್ತರ: ‘ಇರಲಿ’ ಎಂದು ನೀವು ಬದಿಗೆ ಸರಿಸಿದ್ದರಲ್ಲೇ ಉತ್ತರ ಇದೆ. ರೇಡಿಯೇಟರ್ ಕೆಟ್ಟರೆ ಪೆಟ್ರೋಲ್ ಮೀಟರ್ ಯಾಕೆ ಸುಳ್ಳು ಹೇಳಬೇಕು? ಎರಡೂ ಮುಳ್ಳು ಒಟ್ಟಿಗೆ ಮೇಲೇರಿದರೆ ಎರಡಕ್ಕೂ ಕರೆಂಟ್ ಕೊಡುವ ಜಾಗವನ್ನು ನೋಡಬೇಕು. ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಸರ್. ಎಂಜಿನ್ ಓಡುವಾಗ ಗಾಡಿಯಲ್ಲಿ 14 ವೋಲ್ಟ್ ಹತ್ತಿರ ಇರುತ್ತದೆ. ಈ ಸ್ಮಿತ್ಸ್ ಮೀಟರುಗಳಿಗೆ ಬೇಕಾದ್ದು 10. ಡಬ್ಬಿಯೊಳಗೆ ಎರಡು ಲೋಹ ಬೆಸೆದ ಪಟ್ಟಿಗೆ ಬಿಸಿಯಾಗುವ ತಂತಿ ಸುತ್ತಿದೆ. ಪಟ್ಟಿ ಕಾದಾಗ ಬಾಗಿ ಕರೆಂಟ್ ಕಡಿಯುತ್ತದೆ, ಆರಿದಾಗ ಮತ್ತೆ ಸೇರುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಮಾಡುತ್ತದೆ. ಡಬ್ಬಿಯನ್ನು ಹಿಡಿದಿರುವ ಸ್ಕ್ರೂ ಮೂಲಕವೇ ಅದಕ್ಕೆ ಅರ್ಥಿಂಗ್. ಆ ಸ್ಕ್ರೂ ತುಕ್ಕು ಹಿಡಿದರೆ ಪಟ್ಟಿ ಕಾಯುವುದೇ ಇಲ್ಲ, ಕರೆಂಟ್ ಕಡಿಯುವುದೂ ಇಲ್ಲ. ಇಡೀ 14 ವೋಲ್ಟ್ ಮೀಟರಿಗೆ ನುಗ್ಗುತ್ತದೆ.

ಆದರೂ ಎಂಜಿನ್ ನಿಜಕ್ಕೂ ಕಾದಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಹೌಸಿಂಗ್ ಕಡೆ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತೀರಾ ಕಡಿಮೆ ತೋರಿಸುತ್ತದೆ, ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. 80ರಿಂದ 90 ಡಿಗ್ರಿ ಸೆಲ್ಸಿಯಸ್ ಬಂದರೆ ರೇಡಿಯೇಟರಿನ ದುಡ್ಡು ಜೇಬಲ್ಲೇ ಇರಲಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.

ಆಮೇಲೆ ಆ ಸ್ಕ್ರೂ ಬಿಚ್ಚಿ, ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಿಗಿಯಿರಿ. ಬಹಳ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಸ್ಟೆಬಿಲೈಸರ್ ಬದಲಿಸಿ. ಡಿಜಿಟಲ್ ಮಲ್ಟಿಮೀಟರಿನಲ್ಲಿ ಅದರ ವೋಲ್ಟೇಜ್ ನೋಡಲು ಹೋದರೆ ಅಂಕಿ ಕುಣಿಯುತ್ತಲೇ ಇರುತ್ತದೆ, ಮುಳ್ಳಿನ ಹಳೇ ಮೀಟರೇ ವಾಸಿ. 7810 ಐಸಿ ಹಾಕಿದ ಹೊಸ ಸ್ಟೆಬಿಲೈಸರ್ ಸಿಗುತ್ತವೆ, ಸ್ಥಿರವಾಗಿ 10 ವೋಲ್ಟ್ ಕೊಡುತ್ತವೆ. ಕೊಳ್ಳುವ ಮೊದಲು ಗಾಡಿಯ ಬಾಡಿಗೆ ಬ್ಯಾಟರಿಯ ನೆಗೆಟಿವ್ ಜೋಡಿಸಿದೆಯೇ ನೋಡಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಎಷ್ಟೋ ಪಾಸಿಟಿವ್ ಅರ್ಥಿಂಗಿನವು.

ಪೆಟ್ರೋಲ್ ಮೀಟರ್ ಸರಿಯಿದ್ದು ಟೆಂಪರೇಚರ್ ಒಂದೇ ತಪ್ಪಿದ್ದರೆ ಅನುಮಾನ ಸೆನ್ಸರ್ ಮೇಲೆ ಹೋಗಬೇಕಿತ್ತು. ಅದರ ವಯರ್ ಕಿತ್ತರೆ ಮುಳ್ಳು ‘ಸಿ’ಗೆ ಇಳಿಯಬೇಕು, ವಯರನ್ನು ಅರೆಕ್ಷಣ ಎಂಜಿನ್ನಿಗೆ ಮುಟ್ಟಿಸಿದರೆ ಏರಬೇಕು. ಏರಿಳಿದರೆ ಮೀಟರ್ ಮತ್ತು ವಯರ್ ಸರಿ, ಸೆನ್ಸರ್ ಕೆಟ್ಟಿದೆ ಅಥವಾ ಬೇರೆ ಗಾಡಿಯದು. ಹೊಸ ಸೆನ್ಸರಿನ ಮರೆಗೆ ಕೆಲವರು ಪ್ಲಂಬರ್ ಟೇಪ್ ಸುತ್ತುತ್ತಾರೆ. ಸೋರುವುದು ನಿಲ್ಲುತ್ತದೆ, ಜೊತೆಗೆ ಅರ್ಥಿಂಗೂ ನಿಲ್ಲಬಹುದು!

ಪ್ರಶ್ನೆ: ನಮ್ಮ ತೋಟದಲ್ಲಿ ಯುದ್ಧಕಾಲದ ವಿಲ್ಲೀಸ್ ಎಂಬಿ ಜೀಪ್ ಇದೆ. ಟೆಂಪರೇಚರ್ ಮುಳ್ಳು ಅಲ್ಲಾಡುವುದೇ ಇಲ್ಲ. ಎಲೆಕ್ಟ್ರಿಷಿಯನ್‌ಗೆ ವಯರೇ ಸಿಗಲಿಲ್ಲ!
– ಓದುಗರು, ಮಡಿಕೇರಿ

ಉತ್ತರ: ಸಿಗುವುದಿಲ್ಲ, ಅದಕ್ಕೆ ವಯರ್ ಇಲ್ಲ. ಎಂಜಿನ್ನಿನಿಂದ ಮೀಟರಿನವರೆಗೆ ಬರುವುದು ಕೂದಲೆಳೆಯಂಥ ರಂಧ್ರದ ತಾಮ್ರದ ಕೊಳವೆ. ತುದಿಯ ಬಲ್ಬಿನಲ್ಲಿರುವ ದ್ರವ ಕಾದು ಆವಿಯಾದಾಗ ಆ ಒತ್ತಡ ಮುಳ್ಳನ್ನು ತಳ್ಳುತ್ತದೆ. ಜೀಪಿನ ನಡುಕಕ್ಕೆ ಕೊಳವೆ ಎಲ್ಲೋ ಬಿರಿದು ಆವಿ ಹೋಗಿರುತ್ತದೆ. ಮನೆಯಲ್ಲೇ ಬೆಸುಗೆ ಹಾಕಲು ಹೋಗಬೇಡಿ: ಇಂಥ ಮೀಟರುಗಳಲ್ಲಿ ಈಥರ್ ತುಂಬುವುದುಂಟು, ಕಿಡಿ ಸೋಕಿದರೆ ಭಗ್ಗೆನ್ನುತ್ತದೆ. ಮೀಟರ್, ಕೊಳವೆ, ಬಲ್ಬ್ ಮೂರನ್ನೂ ಒಂದಾಗಿಯೇ ಕಳಚಿ ಮೀಟರ್ ರಿಪೇರಿಯವರಿಗೆ ಕಳಿಸಿ. ಮರಳಿ ಹಾಕುವಾಗ ಕೊಳವೆಯಲ್ಲಿ ಒಂದು ಸುತ್ತು ಸಡಿಲ ಬಿಡಿ, ನಡುಕ ಅಲ್ಲಿ ಇಂಗುತ್ತದೆ.

ಹಾಕುವ ಮೊದಲು ಬಲ್ಬನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ನಿಮ್ಮೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ, ಮೀಟರಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 205. ಮುಳ್ಳು 212 ಮುಟ್ಟಲಿಲ್ಲವೆಂದು ರಿಪೇರಿಯವರ ಜೊತೆ ಜಗಳಕ್ಕೆ ಹೋಗಬೇಡಿ.