ಶಿಲೆ ಹೇಳದ ಚರಿತ್ರೆ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನಲ್ಲಿ ಹೂಲಿ ಎಂಬ ಪ್ರಾಚೀನ ಗ್ರಾಮವಿದೆ. ಶಾಸನಗಳಲ್ಲಿ ಇದರ ಹೆಸರು ಪೂಲಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಸಾವಿರ ಮಹಾಜನರ ಅಗ್ರಹಾರವೆಂದು ಪ್ರಖ್ಯಾತವಾಗಿತ್ತು. ಪಂಚಲಿಂಗೇಶ್ವರ ದೇವಾಲಯವೂ ಸುತ್ತಲಿನ ಹಳೆಯ ಗುಡಿಗಳೂ ಆ ವೈಭವವನ್ನು ಇಂದಿಗೂ ಸಾರುತ್ತಿವೆ. ಇಲ್ಲಿಯ ಶಾಸನಗಳನ್ನು ವಿದ್ವಾಂಸರಾದ ಎಲ್. ಡಿ. ಬಾರ್ನೆಟ್ ಅವರು ಸಂಪಾದಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಪ್ರಕಟಿಸಿದರು.

ಅರಸರು, ದಾನಿಗಳು, ಆಚಾರ್ಯರು, ದತ್ತಿಯ ಭೂಮಿ - ಇವುಗಳನ್ನು ಶಾಸನಗಳಿಂದ ತಿಳಿಯಬಹುದು. ಆದರೆ ಶಾಸನ ಬರೆಯಿಸಲು ದಾನ ಕೊಡುವಷ್ಟು ಸಂಪತ್ತು ಬೇಕು. ಕಳೆ ತೆಗೆದವಳು, ದೂರದಿಂದ ನೀರು ಹೊತ್ತವಳು, ಊರಿನ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ - ಇವರ ಬಾಳು ಕಲ್ಲಿನ ಮೇಲೆ ಮೂಡುವುದು ಅಪರೂಪ. ಅದು ನೆನಪಿನಲ್ಲಿ ಮಾತ್ರ ಉಳಿಯುತ್ತದೆ.

ಇಂತಹ ನೆನಪಿನ ಬೆಲೆಯನ್ನು ಕನ್ನಡಿಗರು ಅರಿಯದವರಲ್ಲ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಗ್ರಂಥವಾಗಿ ಹೊರತಂದರು. ಹಾಡಿದವರು ಸ್ತ್ರೀಯರು, ಸಂಗ್ರಹಿಸಿದವರು ಪುರುಷರು. ಸ್ತ್ರೀಯರೇ ಸ್ತ್ರೀಯರ ಚರಿತ್ರೆಯನ್ನು ಸಂಗ್ರಹಿಸಿದ ನಿದರ್ಶನ ನೆರೆಯ ಹೈದರಾಬಾದಿನಲ್ಲಿದೆ. ಅಲ್ಲಿನ ಸ್ತ್ರೀಶಕ್ತಿ ಸಂಘಟನೆಯ ಸದಸ್ಯೆಯರು ತೆಲಂಗಾಣದ ರೈತ ಹೋರಾಟದಲ್ಲಿ ಪಾಲ್ಗೊಂಡಿದ್ದ ಮಹಿಳೆಯರನ್ನು ಕಂಡು, ಅವರ ಮಾತುಗಳನ್ನು ಧ್ವನಿಮುದ್ರಿಸಿ, 1986ರಲ್ಲಿ ತೆಲುಗಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ‘ನಮಗೆ ತಿಳಿಯದ ನಮ್ಮ ಚರಿತ್ರೆ’ ಎಂಬುದು ಅದರ ಹೆಸರಿನ ಅರ್ಥ.

ಈ ಕಾರ್ಯ ಹೂಲಿಯಂತಹ ಯಾವ ಗ್ರಾಮದಲ್ಲಿಯೂ ಸಾಧ್ಯ. ಉಳಿತಾಯಕ್ಕಾಗಿ ವಾರಕ್ಕೊಮ್ಮೆ ಸೇರುವ ಮಹಿಳಾ ಸಂಘವೇ ಇದನ್ನು ಕೈಗೊಳ್ಳಬಹುದು. ಬರೆಯಬಲ್ಲವರು ಬರೆಯಲಿ; ಬರೆಯಲಾರದವರು ಹೇಳಲಿ. “ಆಯಿ, ಬರಗಾಲದಲ್ಲಿ ಏನು ಉಂಡಿರಿ? ಊರಿನಲ್ಲಿ ಮೊದಲು ಶಾಲೆಗೆ ಹೋದ ಹುಡುಗಿ ಯಾರು?” ಎಂಬಂತಹ ಸರಳ ಪ್ರಶ್ನೆಗಳೇ ಸಾಕು. ವೃದ್ಧೆಯರು ಇಸವಿಯನ್ನು ಹೇಳಲಾರರು. “ದೊಡ್ಡ ಬರದ ಮರುವರ್ಷ ಮಗ ಹುಟ್ಟಿದ” ಎನ್ನುತ್ತಾರೆ. ಆ ಬರ 1972ರದೆಂದು ತಿಳಿದರೆ ಕಾಲ ನಿರ್ಣಯವಾಗುತ್ತದೆ. ಶಾಲೆಯ ದಾಖಲೆ, ಹೊಲದ ಪಹಣಿಗಳೊಂದಿಗೆ ಮಾತನ್ನು ಹೋಲಿಸಿ ನೋಡಬೇಕು. ಇಬ್ಬರ ನೆನಪು ಭಿನ್ನವಾದರೆ ಎರಡನ್ನೂ ಬರೆಯಬೇಕು. ಎಲ್ಲ ಓಣಿಗಳ, ಎಲ್ಲ ಜಾತಿಗಳ ಸ್ತ್ರೀಯರನ್ನೂ ಕೇಳಬೇಕು. ಇಲ್ಲವಾದರೆ ಹಳೆಯ ಲೋಪವೇ ಹೊಸ ಪುಸ್ತಕದಲ್ಲಿಯೂ ಉಳಿದೀತು. ಬರೆದುದನ್ನು ಹೇಳಿದವಳಿಗೆ ಓದಿ ತೋರಿಸಿ, ಅವಳು ಬೇಡವೆಂದುದನ್ನು ಬಿಡಬೇಕು.

ಶಿಲಾಶಾಸನ ಸಾವಿರ ವರ್ಷ ಕಾದೀತು. ತೊಂಬತ್ತರ ಮುದುಕಿಯ ನೆನಪು ಹಾಗೆ ಕಾಯಲಾರದು. ಅವಳ ಕಣ್ಣು ಮುಚ್ಚಿದ ದಿನ ಊರಿನ ಚರಿತ್ರೆಯ ಒಂದು ಅಧ್ಯಾಯವೇ ಅಳಿಸಿಹೋಗುತ್ತದೆ. ಅದನ್ನು ಉಳಿಸಲು ಬೇಕಾದುದು ಒಂದು ವಹಿ, ಒಂದು ಲೇಖನಿ, ತಾಳ್ಮೆಯಿಂದ ಕೇಳುವ ಮನಸ್ಸು.